ಹವಳದ ದಿಬ್ಬದ ಸಮೀಕ್ಷೆ: ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಂಗಾವತಿ ಸೀಮೆಯವನು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಲಕ್ಷದ್ವೀಪದ ಹವಳದ ದಿಬ್ಬಗಳ ಸಮೀಕ್ಷೆಗೆ ಹೋದ ತಂಡದಲ್ಲಿ ಎರಡು ಸಲ ಇದ್ದೆ: 2023ರ ಫೆಬ್ರುವರಿಯಲ್ಲಿ ಒಮ್ಮೆ, 2024ರ ಏಪ್ರಿಲ್ ಕೊನೆಗೆ ಇನ್ನೊಮ್ಮೆ. ನನ್ನ ಪಾಲಿಗೆ ಬಂದದ್ದು ಮೀನು ಎಣಿಸುವ ಕೆಲಸ. ತಿರುಗಿ ಬಂದ ಮೇಲೆ ಸಿಂಧನೂರು, ಕುಷ್ಟಗಿ, ಸಿರುಗುಪ್ಪ, ಮಾನ್ವಿ, ಕಂಪ್ಲಿ ಎಂದು ಎಲ್ಲಿ ಕರೆದರೂ ಹೋಗಿ ಚಿತ್ರ ತೋರಿಸಿ ಮಾತಾಡಿದ್ದೇನೆ. ಮಕ್ಕಳು, ರೈತರು, ಪತ್ರ ಬರೆದವರು ತಿರುತಿರುಗಿ ಕೇಳಿದ್ದನ್ನು ಅವರವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ.

## ಶಾಲೆಯ ಅಂಗಳದಲ್ಲಿ ಕೇಳಿದವು

"ಸರ, ಹವಳ ಅಂದ್ರ ಕಲ್ಲೋ, ಗಿಡಾನೋ, ಪ್ರಾಣೀನೋ?"

ಪ್ರಾಣಿ. ಆದರೆ ಹೀಗೆ ಕೇಳಿದ ಹುಡುಗಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಳು, ಏಕೆಂದರೆ ಮೂರೂ ಒಂದೇ ಕಡೆ ಇವೆ. ಹವಳದ ಜೀವಿಗೆ ಪಾಲಿಪ್ ಎನ್ನುತ್ತಾರೆ. ಎಷ್ಟೋ ಜಾತಿಗಳಲ್ಲಿ ಅದು ಜೋಳದ ಕಾಳಿಗಿಂತ ದೊಡ್ಡದಲ್ಲ. ಮೆತ್ತನೆಯ ಚೀಲದಂಥ ಮೈ, ಮೇಲೆ ಒಂದು ಬಾಯಿ, ಬಾಯಿಯ ಸುತ್ತ ಕುಟುಕುವ ಎಳೆಗಳು. ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣವನ್ನು ತೆಗೆದುಕೊಂಡು ತನ್ನ ಬುಡಕ್ಕೆ ಕಲ್ಲಿನ ಬಟ್ಟಲು ಕಟ್ಟಿಕೊಂಡು ಕೂರುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಸಾವಿರಾರು ಪಾಲಿಪ್‌ಗಳು ಒಂದಕ್ಕೊಂದು ಅಂಟಿ ಬೆಳೆದರೆ ನೀವು ಚಿತ್ರದಲ್ಲಿ ನೋಡುವ ಗುಂಡು, ಕೊಂಬೆ, ತಟ್ಟೆಯಂಥ ಆಕಾರಗಳಾಗುತ್ತವೆ.

ಗಿಡದ ಪಾಲು ಒಳಗಿದೆ. ಪಾಲಿಪ್‌ನ ಜೀವಕೋಶಗಳಲ್ಲಿ ಕಣ್ಣಿಗೆ ಕಾಣದ ಪಾಚಿ ಮನೆ ಮಾಡಿರುತ್ತದೆ. ಅದು ಬಿಸಿಲಿನಿಂದ ಸಕ್ಕರೆ ತಯಾರಿಸಿ, ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ 90ರವರೆಗೂ ಕೊಡುತ್ತದೆ. ಹವಳಕ್ಕೆ ಬಣ್ಣ ಬರುವುದೂ ಬಹುಮಟ್ಟಿಗೆ ಈ ಪಾಚಿಯಿಂದಲೇ. ಗುಂಡು ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಕೊಂಬೆ ಹವಳ ಹತ್ತು ಸೆಂಟಿಮೀಟರ್ ದಾಟುವುದೂ ಉಂಟು. ನಾನು ಕೈ ಚಾಚಿದರೂ ತಬ್ಬಲಾಗದಂಥ ಗುಂಡು ಹವಳವೊಂದನ್ನು ಲಕ್ಷದ್ವೀಪದ ಅಗತ್ತಿ ದ್ವೀಪದಲ್ಲಿ ನೋಡಿದೆ. ನನ್ನ ಮುತ್ತಜ್ಜ ಹುಟ್ಟುವ ಮೊದಲೇ ಅದು ಅಲ್ಲಿ ಕೂತಿತ್ತು.

"ನಮ್ಮ ಅಮ್ಮನ ಕೊರಳಾಗಿನ ಹವಳ ಇದರಿಂದನ ಮಾಡ್ತಾರೇನ್ರಿ?"

ಅಲ್ಲ. ಸರಕ್ಕೆ ಪೋಣಿಸುವ ಕೆಂಪು ಹವಳ ಬೇರೆ ಗುಂಪಿನ ಪ್ರಾಣಿಯದು. ಹೆಸರಾದದ್ದು ಮೆಡಿಟರೇನಿಯನ್ ಸಮುದ್ರದ ಹವಳ. ಅದರ ಒಳಗೆ ಪಾಚಿ ಇರುವುದಿಲ್ಲ, ಅದಕ್ಕೆ ಬಿಸಿಲೂ ಬೇಕಿಲ್ಲ, ಮಬ್ಬುಗತ್ತಲಲ್ಲೇ ಬೆಳೆಯುತ್ತದೆ. ದಿಬ್ಬ ಕಟ್ಟುವ ಕಲ್ಲುಹವಳ ಸತ್ತ ಮೇಲೆ ಬರೀ ಬಿಳಿ ಸುಣ್ಣದ ಕಲ್ಲು, ತುಂಬ ತೂತು ತೂತು. ಅದರಿಂದ ಒಡವೆ ಆಗುವುದಿಲ್ಲ.

"ನೀರಾಗ ಮೀನು ಓಡಾಡ್ತಾವಲ್ಲ, ಹೆಂಗ ಎಣಿಸ್ತೀರಿ?"

ಬೆಳೆ ಕಟಾವು ಪ್ರಯೋಗ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಊರಿನ ಭತ್ತದ ಇಳುವರಿ ಗೊತ್ತಾಗಲು ಇಡೀ ಊರಿನ ಭತ್ತ ತೂಗುವುದಿಲ್ಲ. ಹೊಲದಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಹಾಕಿ, ಅಷ್ಟನ್ನೇ ಕೊಯ್ದು, ಬಡಿದು, ತೂಗುತ್ತಾರೆ. ಚೌಕ ಎಲ್ಲಿ ಬೀಳಬೇಕು ಎನ್ನುವುದನ್ನು ಹೊಲದ ಯಜಮಾನ ಹೇಳುವಂತಿಲ್ಲ. ಹೇಳಿದರೆ ಒಳ್ಳೆ ಪೈರಿದ್ದ ಕಡೆಯೋ ಕೆಟ್ಟ ಪೈರಿದ್ದ ಕಡೆಯೋ ಬೀಳುತ್ತದೆ.

ನಾವೂ ಅದನ್ನೇ ಮಾಡುತ್ತೇವೆ. ದಿಬ್ಬದ ಮೇಲೆ ಒಂದೇ ಆಳದಲ್ಲಿ 50 ಮೀಟರ್ ಅಳತೆಯ ಟೇಪು ಹಾಸುತ್ತೇವೆ. ಹಾಸಿದ ಗದ್ದಲಕ್ಕೆ ಮೀನುಗಳು ಚದುರಿರುತ್ತವೆ, ಆದ್ದರಿಂದ ಸ್ವಲ್ಪ ಹೊತ್ತು ದೂರ ಸರಿದು ಕಾಯಬೇಕು. ಆಮೇಲೆ ಟೇಪಿನ ಮೇಲೆ ನಿಧಾನವಾಗಿ ಈಜುತ್ತ, ಎಡಕ್ಕೆ ಎರಡೂವರೆ ಮೀಟರ್, ಬಲಕ್ಕೆ ಎರಡೂವರೆ ಮೀಟರ್ ಪಟ್ಟಿಯೊಳಗೆ ಕಂಡ ಮೀನುಗಳ ಜಾತಿ, ಸಂಖ್ಯೆ, ಅಂದಾಜು ಉದ್ದ ಬರೆಯುತ್ತೇನೆ. ಮುಂದಿನಿಂದ ಬಂದದ್ದನ್ನು ಎಣಿಸಬೇಕು, ಹಿಂದಿನಿಂದ ನನ್ನನ್ನು ದಾಟಿ ಮುಂದೆ ಹೋದದ್ದನ್ನು ಎಣಿಸಬಾರದು, ಇಲ್ಲದಿದ್ದರೆ ಒಂದೇ ಮೀನು ಮೂರು ಸಲ ಲೆಕ್ಕಕ್ಕೆ ಬರುತ್ತದೆ. ಬರೆಯುವುದು ಪ್ಲಾಸ್ಟಿಕ್ ಹಲಗೆಯ ಮೇಲೆ, ಮಾಮೂಲಿ ಪೆನ್ಸಿಲಿನಿಂದ. ನೀರಿನೊಳಗೂ ಅದು ಚೆನ್ನಾಗಿ ಬರೆಯುತ್ತದೆ.

ನನ್ನ ಹಿಂದೆ ಬರುವವರದು ಹವಳದ ಲೆಕ್ಕ. ಅರ್ಧ ಅರ್ಧ ಮೀಟರಿಗೆ ಟೇಪಿನ ಕೆಳಗೆ ಏನಿದೆ ನೋಡುತ್ತಾರೆ: ಜೀವಂತ ಹವಳವೇ, ಸತ್ತದ್ದೇ, ಪಾಚಿಯೇ, ಮರಳೇ. ನೂರು ಕಡೆ ನೋಡಿ ಮೂವತ್ತು ಕಡೆ ಜೀವಂತ ಹವಳ ಸಿಕ್ಕರೆ ಹವಳದ ಹೊದಿಕೆ ಶೇ 30. ಈ ಒಂದು ಸಂಖ್ಯೆಗಾಗಿಯೇ ಹಡಗು, ದೋಣಿ, ಸಿಲಿಂಡರು, ಇಷ್ಟೊಂದು ಜನ.

"ಶಾರ್ಕ್ ಕಚ್ಚಂಗಿಲ್ಲೇನು?"

ದಿಬ್ಬದ ಹತ್ತಿರ ಕಾಣುವ ಕರಿತುದಿಯ ಶಾರ್ಕ್‌ಗಳು ನಾಚಿಕೆಯ ಪ್ರಾಣಿಗಳು, ನಮ್ಮ ಗುಳ್ಳೆಗಳ ಸದ್ದಿಗೇ ದೂರ ಸರಿಯುತ್ತವೆ. ನಾನು ಅಂಜುವುದು ಕಲ್ಲುಮೀನಿಗೆ. ಕಲ್ಲಿನಂತೆಯೇ ಕಾಣುತ್ತ ತಳದಲ್ಲಿ ಬಿದ್ದಿರುತ್ತದೆ, ಬೆನ್ನ ಮುಳ್ಳಿನಲ್ಲಿ ಘೋರ ವಿಷ. ಶಂಕುವಿನಾಕಾರದ ಚೆಂದದ ಚಿಪ್ಪೊಂದಿದೆ, ಅದರೊಳಗಿನ ಬಸವನಹುಳು ಚುಚ್ಚಿದರೆ ಪ್ರಾಣಕ್ಕೇ ಕುತ್ತು. ಏನನ್ನೂ ಮುಟ್ಟಬಾರದು, ತಳದ ಮೇಲೆ ಕಾಲೂರಬಾರದು ಎನ್ನುವ ನಿಯಮ ಹವಳಕ್ಕೂ ಒಳ್ಳೆಯದು, ನಮಗೂ ಒಳ್ಳೆಯದು.

"ಒಂದು ತುಂಡು ಹವಳ ತಂದು ತೋರಿಸಬೇಕಿತ್ತಲ್ಲ ಸರ?"

ತರುವಂತಿಲ್ಲ. ಕಲ್ಲುಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ದಂಡೆಗೆ ಬಂದು ಬಿದ್ದ ಸತ್ತ ತುಂಡನ್ನೂ ಚೀಲಕ್ಕೆ ಹಾಕಿಕೊಳ್ಳಬಾರದು. ನಾನು ತಂದದ್ದು ಚಿತ್ರಗಳನ್ನು ಮಾತ್ರ.

"ನಮ್ಮ ಕಡೆ ಸಮುದ್ರನ ಇಲ್ಲ. ನಮಗ ಇದರಿಂದ ಏನಾಗ್ಬೇಕೈತಿ?"

ಈ ಪ್ರಶ್ನೆ ಎಲ್ಲ ಊರಲ್ಲೂ ಬರುತ್ತದೆ, ನನಗೆ ತುಂಬ ಇಷ್ಟವಾದ ಪ್ರಶ್ನೆಯೂ ಇದೇ. ಉತ್ತರಕ್ಕೆ ಸಂಡೂರಿಗೆ ಹೋಗಬೇಕು. ಅಲ್ಲಿನ ಬೆಟ್ಟಸಾಲಿನಲ್ಲಿ ಸ್ಟ್ರೊಮಟೊಲೈಟ್ ಎಂಬ ಶಿಲೆಗಳಿವೆ. ಅಡ್ಡ ಕೊಯ್ದ ಎಲೆಕೋಸಿನ ಹಾಗೆ ಪದರ ಪದರವಾಗಿ ಕಾಣುತ್ತವೆ. ಆಳವಿಲ್ಲದ ಬೆಚ್ಚನೆಯ ಸಮುದ್ರದಲ್ಲಿ ನೀಲಿಹಸಿರು ಪಾಚಿಯಂಥ ಸೂಕ್ಷ್ಮಜೀವಿಗಳು ಸುಣ್ಣ ಹಿಡಿದು ಕಟ್ಟಿದ ದಿಬ್ಬಗಳು ಅವು. ವಯಸ್ಸು ಸುಮಾರು 260 ಕೋಟಿ ವರ್ಷ. ಇಂದಿನ ಕಲ್ಲುಹವಳಗಳ ವಂಶ ಹುಟ್ಟಿ ಸುಮಾರು 24 ಕೋಟಿ ವರ್ಷವಾಗಿದೆ, ಅಷ್ಟೆ. ಜೀವಿಗಳು ಸುಣ್ಣದ ದಿಬ್ಬ ಕಟ್ಟುವ ಕೆಲಸ ಲಕ್ಷದ್ವೀಪಕ್ಕಿಂತ ಎಷ್ಟೋ ಮೊದಲು ಬಳ್ಳಾರಿ ಜಿಲ್ಲೆಯಲ್ಲಿ ನಡೆದಿತ್ತು. ನಾವು ಲಾರಿಗಟ್ಟಲೆ ಸಾಗಿಸಿದ ಕಬ್ಬಿಣದ ಅದಿರಿನ ಪದರಗಳೂ ಅಂಥದೇ ಹಳೆಯ ಸಮುದ್ರದ ತಳದಲ್ಲಿ ಕೂತ ಗಸಿ.

ಇನ್ನು ಇವತ್ತಿನ ಮಾತು. ಭೂಮಿಯಲ್ಲಿ ಹೆಚ್ಚಾಗುತ್ತಿರುವ ಶಾಖದ ಸುಮಾರು ಶೇ 90 ಭಾಗ ಸಮುದ್ರ ನುಂಗಿಕೊಳ್ಳುತ್ತಿದೆ. ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲಿನ ಹೊಗೆಗೂ ಕದಮತ್ ದ್ವೀಪದ ಹವಳಕ್ಕೂ ನಡುವೆ ಇರುವುದು ಗಾಳಿ ಮಾತ್ರ. ಮುಂಗಾರಿನ ಮೋಡ ಬರುವುದೂ ಅದೇ ಅರಬ್ಬಿ ಸಮುದ್ರವನ್ನು ದಾಟಿ.

## ದ್ವೀಪದ ಬಗ್ಗೆ

"ಅಲ್ಲಿ ದ್ವೀಪಗಳು ಬಳಿ ಹಂಗ ದುಂಡಗ ಯಾಕ ಇರ್ತಾವ?"

ಬಳೆಯಾಕಾರದ ಹವಳದ ದಿಬ್ಬ, ನಡುವೆ ತಿಳಿನೀರಿನ ಲಗೂನು, ದಿಬ್ಬದ ಅಂಚಿನ ಮೇಲೆ ಮರಳಿನ ತುಂಡು ದ್ವೀಪ. ಇಡೀ ರಚನೆಗೆ ಅಟಾಲ್ ಎನ್ನುತ್ತಾರೆ. ಹೀಗೇಕೆ ಎನ್ನುವುದನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ವಿವರಿಸಿದ. ಸಮುದ್ರದಲ್ಲಿ ಜ್ವಾಲಾಮುಖಿ ಬೆಟ್ಟವೊಂದು ಏಳುತ್ತದೆ, ಅದರ ಸುತ್ತ ದಡಕ್ಕಂಟಿ ಹವಳ ಬೆಳೆಯುತ್ತದೆ. ಬೆಟ್ಟ ಲಕ್ಷಾಂತರ ವರ್ಷಗಳಲ್ಲಿ ನಿಧಾನವಾಗಿ ಕುಸಿಯುತ್ತ ಹೋಗುತ್ತದೆ. ಹವಳಕ್ಕೆ ಬಿಸಿಲು ಬೇಕು, ಹಾಗಾಗಿ ಅದು ಮೇಲೆ ಮೇಲೆ ಕಟ್ಟಿಕೊಳ್ಳುತ್ತದೆ. ಕಡೆಗೆ ಬೆಟ್ಟ ಮುಳುಗಿ, ಹವಳದ ಬಳೆಯಷ್ಟೇ ಉಳಿಯುತ್ತದೆ. ಡಾರ್ವಿನ್ ಸತ್ತು 70 ವರ್ಷಗಳ ಮೇಲೆ, 1952ರಲ್ಲಿ, ಪೆಸಿಫಿಕ್ ಸಾಗರದ ಎನಿವೆಟಾಕ್ ಅಟಾಲ್‌ನಲ್ಲಿ ಕೊರೆದು ನೋಡಿದರು. 1,200 ಮೀಟರಿಗೂ ಹೆಚ್ಚು ದಪ್ಪದ ಹವಳದ ಸುಣ್ಣ ದಾಟಿದ ಮೇಲೆ ಜ್ವಾಲಾಮುಖಿಯ ಕರಿಕಲ್ಲು ಸಿಕ್ಕಿತು.

ಲಕ್ಷದ್ವೀಪದ ಬುಡದ ಕಲ್ಲಿಗೂ ನಮಗೂ ನಂಟಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲಿನ ಹಾಸನ್ನು ಉಕ್ಕಿಸಿದ ಭೂಗರ್ಭದ ಬಿಸಿಚಿಲುಮೆಯ ಮೇಲೆ ಭಾರತದ ತಟ್ಟೆ ಉತ್ತರಕ್ಕೆ ಸರಿಯುತ್ತ ಹೋಯಿತು. ಸರಿದ ಹಾದಿಯುದ್ದಕ್ಕೂ ಕಡಲೊಳಗೆ ಬೆಟ್ಟಗಳ ಸಾಲು ಬಿತ್ತು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಆ ಸಾಲಿನ ಮೇಲೆಯೇ ಕೂತಿವೆ.

"ಸುತ್ತ ಉಪ್ಪು ನೀರು. ಕುಡಿಯಾಕ ನೀರು ಎಲ್ಲಿಂದ ತರ್ತಾರ?"

ಮಳೆಯಿಂದ. ದ್ವೀಪದ ಮರಳಿಗೆ ಬಿದ್ದ ಮಳೆ ನೀರು ಕೆಳಗಿಳಿದು, ಉಪ್ಪು ನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳ್ಳಗೆ ತೇಲಿಕೊಂಡು ನಿಲ್ಲುತ್ತದೆ. ಕೈಬಾವಿಯಿಂದ ಕೊಡದಲ್ಲಿ ಸೇದಿದರೆ ಸಿಹಿನೀರು. ಮೋಟಾರು ಹಚ್ಚಿ ಒಂದೇ ಸಮನೆ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ, ಬಾವಿ ಕೆಡುತ್ತದೆ. ಬೋರ್‌ವೆಲ್ ಆಳಕ್ಕಿಳಿದಷ್ಟೂ ನೀರು ಸವಳಾಗುವುದನ್ನು ಕಂಡ ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗ ಕವರತ್ತಿ ಮೊದಲಾದ ಕಡೆ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳೂ ಇವೆ.

"ಅಲ್ಲಿ ಮಂದಿ ಯಾವ ಮಾತು ಆಡ್ತಾರ? ನಿಮಗ ಊಟ ಹಿಡಿಸ್ತೇನು?"

ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. ಎಲ್ಲ ದ್ವೀಪ ಕೂಡಿಸಿದರೂ ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಮಾತು ಮಲಯಾಳದ ಒಂದು ಬಗೆ, ದಕ್ಷಿಣದ ಮಿನಿಕಾಯ್‌ನಲ್ಲಿ ಮಾತ್ರ ಮಾಲ್ಡೀವ್ಸಿನವರ ಮಾತಿಗೆ ಹತ್ತಿರದ ಮಹಲ್. ಎಷ್ಟೋ ಜನಕ್ಕೆ ಗೊತ್ತಿಲ್ಲದ ಸಂಗತಿ: ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಇರುವ ಉತ್ತರದ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು.

ಊಟ ಅನ್ನ, ಕೊಬ್ಬರಿ, ಸೂರೆ ಮೀನು (ಟ್ಯೂನ). ನಮ್ಮ ಮನೆಯವರು ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಹದಿನೈದು ದಿನ ಕೆಡಲಿಲ್ಲ. ದೋಣಿ ನಡೆಸುತ್ತಿದ್ದ ಹಿರಿಯರಿಗೆ ಶೇಂಗಾ ಹಿಂಡಿ ಎಷ್ಟು ಹಿಡಿಸಿತೆಂದರೆ ಎರಡನೆಯ ಸಲ ಅವರಿಗೆಂದೇ ಒಂದು ಡಬ್ಬಿ ಒಯ್ದೆ.

"ಬರೇ ಮೀನು ನೋಡಿ ಬಂದ್ರೋ, ಬ್ಯಾರೆ ಪ್ರಾಣಿ ಪಕ್ಷಿ ಏನರ ಇದ್ವೋ?"

ನನ್ನ ಕಣ್ಣಲ್ಲಿ ಉಳಿದದ್ದು ಕಡಲಾಮೆ. ಅಗತ್ತಿಯ ಲಗೂನಿನಲ್ಲಿ ಹಸಿರು ಕಡಲಾಮೆಗಳು ಎಮ್ಮೆಗಳು ಮೇಯುವಂತೆ ಕಡಲ ಹುಲ್ಲು ಮೇಯುತ್ತವೆ. ಹಿಂದೆ ಅವನ್ನು ಬೇಟೆಯಾಡುತ್ತಿದ್ದರು. ಬೇಟೆ ನಿಂತ ಮೇಲೆ ಸಂಖ್ಯೆ ಏರಿತು. ಇದು ಸಂತೋಷದ ಸುದ್ದಿ. ಆದರೆ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ವರ್ಷಾನುಗಟ್ಟಲೆ ಅಳೆದಾಗ ಇನ್ನೊಂದು ಮುಖ ಕಂಡಿತು. ಆಮೆಗಳು ಒಂದೇ ಕಡೆ ಸೇರಿ ಹುಲ್ಲನ್ನು ಬುಡದವರೆಗೆ ಮೇಯ್ದವು, ಹುಲ್ಲಿನಲ್ಲಿ ಬೆಳೆಯುತ್ತಿದ್ದ ಮೀನು ಕಡಿಮೆಯಾಯಿತು, ಲಗೂನಿನ ಮೀನು ನಂಬಿದ ಬೆಸ್ತರಿಗೆ ಆಮೆಯ ಮೇಲೆ ಸಿಟ್ಟು ಬಂತು. ಆಮೆಯನ್ನೂ ಬಿಡಲಾಗದು, ಬೆಸ್ತರ ಮಾತನ್ನೂ ತಳ್ಳಿಹಾಕಲಾಗದು. ಕರಡಿ ಹೊಲಕ್ಕೆ ಬಂದಾಗ ದರೋಜಿ ಸುತ್ತಿನ ರೈತರು ಆಡುವ ಮಾತನ್ನೇ ನಾನು ಅಲ್ಲಿ ಮಲಯಾಳದಲ್ಲಿ ಕೇಳಿದೆ.

ಕವರತ್ತಿಯಿಂದ ದೂರದಲ್ಲಿ ಪಿಟ್ಟಿ ಎಂಬ ಮರಳು ದಿಣ್ಣೆಯಿದೆ. ಒಂದು ಮರವಿಲ್ಲ, ಮನೆಯಿಲ್ಲ, ವಿಸ್ತೀರ್ಣ ಸುಮಾರು ಮೂರು ಎಕರೆ. ಕಡಲ ರೀವ ಹಕ್ಕಿಗಳು ಅಲ್ಲಿ ನೆಲದ ಮೇಲೇ ಮೊಟ್ಟೆಯಿಡುತ್ತವೆ. ಅದಕ್ಕೆ ರಕ್ಷಣೆ ಇದೆ, ನಾವು ಇಳಿಯಲಿಲ್ಲ, ದೋಣಿಯಿಂದಲೇ ದುರ್ಬೀನು ಹಿಡಿದು ನೋಡಿದೆವು. ಆಮೇಲೆ ಸಮುದ್ರ ಸೌತೆ. ಹೆಸರು ತರಕಾರಿಯದು, ಪ್ರಾಣಿ ನಕ್ಷತ್ರ ಮೀನಿನ ದಾಯಾದಿ. ಮರಳು ನುಂಗಿ, ಅದರೊಳಗಿನ ಕೊಳೆ ತಿಂದು, ಶುದ್ಧ ಮರಳನ್ನು ಹೊರಹಾಕುತ್ತದೆ. ಎರೆಹುಳು ಹೊಲಕ್ಕೆ ಮಾಡುವುದನ್ನು ಅದು ಸಮುದ್ರದ ತಳಕ್ಕೆ ಮಾಡುತ್ತದೆ. ಹೊರದೇಶಗಳಲ್ಲಿ ಭಾರಿ ಬೆಲೆಯಿರುವುದರಿಂದ ಕಳ್ಳಸಾಗಣೆ ಜೋರು. 2020ರಲ್ಲಿ ಚೆರಿಯಪಾಣಿಯಲ್ಲಿ 239 ಚದರ ಕಿಲೋಮೀಟರನ್ನು ಸಮುದ್ರ ಸೌತೆಗಾಗಿಯೇ ಮೀಸಲಿಟ್ಟರು.

ಗಿಳಿಮೀನನ್ನು ಬಿಡುವ ಹಾಗಿಲ್ಲ. ಗಿಣಿಯ ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳ ಕೆರೆದು ಪಾಚಿ ತಿನ್ನುತ್ತದೆ, ಸುಣ್ಣವನ್ನು ಅರೆದು ಮರಳಾಗಿ ಹೊರಬಿಡುತ್ತದೆ. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲದು. ನೀರಿನೊಳಗೆ ಅದು ಕೆರೆಯುವ ಸದ್ದು ಕಟಕ್ ಕಟಕ್ ಎಂದು ಕೇಳಿಸುತ್ತದೆ. ನೀವು ಚಿತ್ರಗಳಲ್ಲಿ ನೋಡುವ ಬೆಳ್ಳನೆಯ ದಂಡೆಯ ಬಹುಪಾಲು ಹೀಗೆ ಬಂದದ್ದು.

## ಕೆಲಸದ ಒಳಗಿನ ಪ್ರಶ್ನೆಗಳು

"ಇಂಥ ಯಾತ್ರೆ ಮೊದಲು ಯಾರು ಮಾಡಿದ್ರು?"

ನಮ್ಮ ಕಡಲಿನ ಮಟ್ಟಿಗೆ ಕೇಂಬ್ರಿಡ್ಜ್‌ನ ಜಾನ್ ಸ್ಟ್ಯಾನ್ಲಿ ಗಾರ್ಡಿನರ್ ಹೆಸರು ಮೊದಲು ಬರುತ್ತದೆ. 1899–1900ರಲ್ಲಿ ಮಿನಿಕಾಯ್ ಮತ್ತು ಮಾಲ್ಡೀವ್ಸ್ ದ್ವೀಪಗಳಲ್ಲಿ ತಿಂಗಳುಗಟ್ಟಲೆ ಇದ್ದು ಹವಳ, ಏಡಿ, ಹುಳು, ಮೀನು ಎಲ್ಲವನ್ನೂ ಸಂಗ್ರಹಿಸಿದವರು. 1928–29ರಲ್ಲಿ ಮಾರಿಸ್ ಯಂಗ್ ನೇತೃತ್ವದ ತಂಡ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ ಲೋ ಐಲ್ಸ್ ದ್ವೀಪದಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಬಿಡಾರ ಹೂಡಿತು. 1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆಯಲ್ಲಿ ಹಲವು ದೇಶಗಳ 40ಕ್ಕೂ ಹೆಚ್ಚು ಹಡಗುಗಳಿದ್ದವು. ಅದರ ಬೆನ್ನಿಗೇ 1966ರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಹುಟ್ಟಿತು.

ಇವುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರದ್ದು ಲೋ ಐಲ್ಸ್. ಯಂಗ್ ತಂಡದವರು ತಾವು ಅಳೆದ ಜಾಗಗಳ ನಕ್ಷೆಯನ್ನು ಎಷ್ಟು ಶ್ರದ್ಧೆಯಿಂದ ಬರೆದಿಟ್ಟಿದ್ದರೆಂದರೆ, 90 ವರ್ಷಗಳ ಮೇಲೆ ಬೇರೆ ವಿಜ್ಞಾನಿಗಳು ಅದೇ ಜಾಗಗಳನ್ನು ಹುಡುಕಿ ಮತ್ತೆ ಅಳೆಯಲು ಸಾಧ್ಯವಾಯಿತು. 2019ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಜೀವವೈವಿಧ್ಯ ಇಳಿದಿತ್ತು, ಕಲ್ಲುಹವಳವಿದ್ದ ಕಡೆ ಮೆದುಹವಳ ಹಬ್ಬಿತ್ತು. ಹೊಸ ಜಾತಿ ಕಂಡುಹಿಡಿದವರ ಹೆಸರು ಪೇಪರಿನಲ್ಲಿ ಬರುತ್ತದೆ. ಯಾರೋ ಎಣಿಸಿಟ್ಟುಹೋದ ಜಾಗಕ್ಕೆ ತಿರುಗಿ ಹೋಗಿ ಎಣಿಸುವವರ ಹೆಸರು ಅಷ್ಟಾಗಿ ಬರುವುದಿಲ್ಲ, ಆದರೆ ದಿಬ್ಬಕ್ಕೆ ಏನಾಗುತ್ತಿದೆ ಎಂದು ನಮಗೆ ತಿಳಿದದ್ದು ಅವರಿಂದ.

"ಬೆಳ್ಳಗಾದ ಹವಳ ಸತ್ತಂಗೇನು?"

ಇನ್ನೂ ಇಲ್ಲ. ಮೆಣಸಿನಕಾಯಿ ಬೆಳೆಗಾರರಿಗೆ ಗೊತ್ತು: ಬಿಸಿಲು ಒಂದು ಮಟ್ಟ ದಾಟಿದರೆ ಗಿಡ ಸಾಯುವುದಿಲ್ಲ, ಹೂ ಉದುರಿಸುತ್ತದೆ. ಹವಳವೂ ಹಾಗೆ, ನೀರು ಬಿಸಿಯಾದಾಗ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಪಾಚಿ ಹೋದರೆ ಬಣ್ಣ ಹೋಯಿತು, ಪಾರದರ್ಶಕ ಮೈಯೊಳಗಿಂದ ಬಿಳಿ ಕಲ್ಲು ಕಾಣುತ್ತದೆ. ಆಗಲೂ ಪಾಲಿಪ್ ಜೀವಂತ, ಆದರೆ ಉಪವಾಸ. ಕೆಲವು ವಾರಗಳಲ್ಲಿ ನೀರು ತಣಿದರೆ ಪಾಚಿ ಮರಳಿ ಬಂದು ಹವಳ ಚೇತರಿಸಿಕೊಳ್ಳುತ್ತದೆ. ತಣಿಯದಿದ್ದರೆ ಸಾಯುತ್ತದೆ, ಸತ್ತ ಮೇಲೆ ಕಂದು ಹಸಿರು ಪಾಚಿ ಮೇಲೆ ಹಬ್ಬುತ್ತದೆ. ಬೇಸಿಗೆಯ ಗರಿಷ್ಠಕ್ಕಿಂತ ಬರೀ ಒಂದು ಡಿಗ್ರಿ ಹೆಚ್ಚು ಬಿಸಿ ಒಂದು ತಿಂಗಳು ನಿಂತರೆ ಸಾಕು, ಬಿಳಿಚುವುದು ಶುರುವಾಗುತ್ತದೆ. ಎರಡು ತಿಂಗಳು ನಿಂತರೆ ಸಾವು ವ್ಯಾಪಕವಾಗುತ್ತದೆ.

ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಗಿತ್ತು. 2023ರ ಕೊನೆಯಿಂದ ನೀರು ಮತ್ತೆ ಬಿಸಿಯಾಯಿತು. 2024ರ ಏಪ್ರಿಲ್‌ನಲ್ಲಿ ಜಗತ್ತಿನ ನಾಲ್ಕನೆಯ ಸಾಮೂಹಿಕ ಬಿಳಿಚುವಿಕೆ ನಡೆಯುತ್ತಿದೆಯೆಂದು ವಿಜ್ಞಾನಿಗಳು ಘೋಷಿಸಿದರು. 2023ರ ಜನವರಿಯಿಂದ 2025ರ ಮಾರ್ಚ್‌ವರೆಗೆ ಜಗತ್ತಿನ ದಿಬ್ಬಗಳ ಶೇ 84ರಷ್ಟು ಪ್ರದೇಶಕ್ಕೆ ಬಿಳಿಚುವ ಮಟ್ಟದ ಬಿಸಿ ತಟ್ಟಿತು.

ನಾವು ಎರಡನೆಯ ಸಲ ಇಳಿದದ್ದು ಆ ಏಪ್ರಿಲ್ ಕೊನೆಯಲ್ಲೇ. ಹಿಂದಿನ ವರ್ಷ ನಾನು ಎಣಿಸಿದ್ದ ಅದೇ ಇಳಿಜಾರು. ಕೊಂಬೆ ಹವಳದ ಪೊದೆಯೊಂದರಲ್ಲಿ ಆಗ ಚಿಟ್ಟೆಮೀನಿನ ಜೋಡಿಯಿತ್ತು. ಆ ಜಾತಿ ತಿನ್ನುವುದು ಜೀವಂತ ಪಾಲಿಪ್‌ಗಳನ್ನು ಮಾತ್ರ. ಪೊದೆ ಈಗ ಹಿಮದಂತೆ ಬೆಳ್ಳಗಿತ್ತು, ಸುತ್ತ ನೀಲಿ, ನೋಡಲು ಸುಂದರವಾಗಿಯೇ ಇತ್ತು. ಜೋಡಿ ಅಲ್ಲೇ ಇತ್ತು. ಹಲಗೆಯ ಮೇಲೆ 2 ಎಂದು ಬರೆದೆ. ಮುಖವಾಡದೊಳಗೆ ಕಣ್ಣೀರು ಬಂದರೆ ಒರೆಸಿಕೊಳ್ಳಲು ಆಗುವುದಿಲ್ಲ, ಗಾಜು ಮಬ್ಬಾಗುತ್ತದೆ. ಮೇಲೆ ಬಂದು ದೋಣಿಯಲ್ಲಿ ಯಾರೂ ಮಾತಾಡಲಿಲ್ಲ.

"ಇಬ್ಬರು ಎಣಿಸಿದ್ರ ಎರಡು ಲೆಕ್ಕ ಬರಂಗಿಲ್ಲೇನ್ರಿ? ನಂಬೋದು ಹೆಂಗ?"

ಬರುತ್ತದೆ. ನೀರಿನೊಳಗೆ ವಸ್ತುಗಳು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ. ಅದಕ್ಕೇ ಮೊದಲ ದಿನಗಳಲ್ಲಿ ಗೊತ್ತಿರುವ ಉದ್ದದ ಪ್ಲಾಸ್ಟಿಕ್ ಮೀನುಗಳನ್ನು ನೀರಿನಲ್ಲಿ ಕಟ್ಟಿ, ಎಲ್ಲರೂ ಅಂದಾಜು ಬರೆದು, ಮೇಲೆ ಬಂದು ತಾಳೆ ನೋಡುತ್ತೇವೆ. ಅಂತರ ಕಡಿಮೆಯಾಗುವವರೆಗೂ ಅದೇ ಅಭ್ಯಾಸ. ಒಂದೇ ಕಡೆ ಹಲವು ಟೇಪು ಹಾಸುವುದು ಕೂಡ ಒಬ್ಬರ ತಪ್ಪಿನಿಂದ ಲೆಕ್ಕ ಕೆಡದಿರಲಿ ಎಂದು.

ನನ್ನಿಂದಲೂ ತಪ್ಪಾಯಿತು. 2024ರಲ್ಲಿ ಹಳೆಯ ಜಾಗದ ಗುರುತಿಗೆ ಬಡಿದಿದ್ದ ಕಬ್ಬಿಣದ ಗೂಟ ಸಿಗಲಿಲ್ಲ. ನೀರಿನೊಳಗೆ ಜಿಪಿಎಸ್ ಕೆಲಸ ಮಾಡುವುದಿಲ್ಲ. ಇದೇ ಇರಬೇಕು ಎಂದು ನಾನು ತೋರಿಸಿದ ಕಡೆ ಟೇಪು ಹಾಸಿದೆವು. ಸಂಜೆ ಹಳೆಯ ಚಿತ್ರಗಳ ಜೊತೆ ಹೋಲಿಸಿದಾಗ ಪಕ್ಕದ ಇಳಿಜಾರು ಎಂದು ಗೊತ್ತಾಯಿತು. ಆ ದಿನದ ಲೆಕ್ಕವನ್ನೆಲ್ಲ ಬೇರೆಯಿಟ್ಟು, ಮರುದಿನ ಮತ್ತೆ ಇಳಿದೆವು. ಒಂದು ದಿನದ ಡೀಸೆಲ್, ಆರು ಜನರ ಶ್ರಮ ಹೋಯಿತು. ತಪ್ಪು ಜಾಗದ ಲೆಕ್ಕವನ್ನು ಹಳೆಯ ಲೆಕ್ಕದ ಪಕ್ಕ ಕೂರಿಸಿದ್ದರೆ ಹೋಗುತ್ತಿದ್ದುದು ಅದಕ್ಕಿಂತ ಹೆಚ್ಚು.

ತಾಳ್ಮೆಯ ಲೆಕ್ಕ ಏನು ಕೊಡುತ್ತದೆ ಎನ್ನುವುದಕ್ಕೆ ಲಕ್ಷದ್ವೀಪವೇ ಉದಾಹರಣೆ. ಅಗತ್ತಿ, ಕದಮತ್, ಕವರತ್ತಿಗಳಲ್ಲಿ 1998ರಿಂದ 24 ವರ್ಷ ಬಿಡದೆ ಎಣಿಸಿದ ವಿಜ್ಞಾನಿಗಳು ಹವಳದ ಹೊದಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ ಎಂದು ತೋರಿಸಿದ್ದಾರೆ. ಒಂದೊಂದು ಏಟಿನ ನಡುವೆ ಚೇತರಿಸಿಕೊಳ್ಳಲು ಹವಳಕ್ಕೆ ಸಾಕಷ್ಟು ವರ್ಷ ಸಿಗುತ್ತಿಲ್ಲ ಎನ್ನುವುದೂ ಆ ಲೆಕ್ಕದಿಂದಲೇ ಗೊತ್ತಾದದ್ದು.

"ಕೃಷ್ಣಾ ಸಮುದ್ರ ಸೇರೋ ಕಡೆ ಹವಳ ಯಾಕ ಇಲ್ಲ?"

ಹೂಳು ಮತ್ತು ಸಿಹಿನೀರು. ಹವಳಕ್ಕೆ ತಿಳಿನೀರು ಬೇಕು, ಉಪ್ಪು ಒಂದೇ ಹದದಲ್ಲಿರಬೇಕು. ನಮ್ಮ ತುಂಗಭದ್ರೆ ಎಷ್ಟು ಮಣ್ಣು ಹೊರುತ್ತಾಳೆ ಎನ್ನುವುದಕ್ಕೆ ಡ್ಯಾಮೇ ಸಾಕ್ಷಿ: ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದುದು ಈಗ ಸುಮಾರು 105ಕ್ಕೆ ಇಳಿದಿದೆ, ಉಳಿದ ಜಾಗದಲ್ಲಿ ಹೂಳು ಕೂತಿದೆ. ಅಂಥ ಕೆಂಪು ನೀರು ಬಂದು ಬೀಳುವ ಕಡೆ ಬಿಸಿಲು ತಳ ಮುಟ್ಟುವುದಿಲ್ಲ, ಪಾಲಿಪ್ ಮಣ್ಣಿನಡಿ ಹೂತುಹೋಗುತ್ತದೆ. ಅದಕ್ಕೇ ಭಾರತದ ದೊಡ್ಡ ಹವಳದ ದಿಬ್ಬಗಳು ಕಛ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ನಿಕೋಬಾರ್‌ಗಳಲ್ಲಷ್ಟೇ ಇವೆ. ಕರ್ನಾಟಕದಲ್ಲಿ ಹವಳ ನೋಡಬೇಕೆಂದರೆ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಅಲ್ಲಿ ಇರುವುದು ಚದುರಿದ ಹವಳ, ದೊಡ್ಡ ದಿಬ್ಬವಲ್ಲ.

"ಭತ್ತದ ಸಸಿ ಹಚ್ಚಿದಂಗ ಹವಳಾನೂ ಹಚ್ಚಿ ಬೆಳೆಸಬಹುದಲ್ಲ?"

ಸಿಂಧನೂರಿನ ರೈತರೊಬ್ಬರು ಕೇಳಿದ್ದು. ಹಚ್ಚಬಹುದು. ಮುರಿದ ಕೊಂಬೆಗಳನ್ನು ಚೌಕಟ್ಟಿಗೆ ಕಟ್ಟಿ ಬೆಳೆಸಿ ದಿಬ್ಬಕ್ಕೆ ನೆಡುತ್ತಾರೆ, ಮನ್ನಾರ್ ಕೊಲ್ಲಿಯಲ್ಲಿ ಈ ಕೆಲಸ ವರ್ಷಗಳಿಂದ ನಡೆದಿದೆ. ಲಂಗರು ಬಿದ್ದೋ ಕಲ್ಲು ತೆಗೆದೋ ಹಾಳಾದ ಸಣ್ಣ ಜಾಗಕ್ಕೆ ಇದು ಒಳ್ಳೆಯದು. ಆದರೆ ಕಾಲುವೆಗೆ ನೀರೇ ಬಾರದ ವರ್ಷ ಎಷ್ಟು ಸಸಿ ಹಚ್ಚಿದರೇನು? ನೀರಿನ ಬಿಸಿ ಇಳಿಯದಿದ್ದರೆ ನೆಟ್ಟ ಹವಳವೂ ಬಿಳಿಚುತ್ತದೆ, ನನ್ನ ಅಭಿಪ್ರಾಯದಲ್ಲಿ ಇದನ್ನೇ ಪರಿಹಾರವೆಂದು ತೋರಿಸುವುದು ತಪ್ಪು. ಲಕ್ಷದ್ವೀಪದ ದಿಬ್ಬಗಳು 1998ರ ಏಟಿನ ನಂತರ ತಾವೇ ಚೇತರಿಸಿಕೊಂಡಿದ್ದವು. ಅಲ್ಲಿನ ಬೆಸ್ತರು ಗಾಳದ ಕೋಲಿನಿಂದ ಹೊರಗಡಲಿನ ಸೂರೆ ಮೀನು ಹಿಡಿಯುವವರು, ದಿಬ್ಬದ ಗಿಳಿಮೀನಿಗೆ ಅಷ್ಟಾಗಿ ಕೈ ಹಾಕಿರಲಿಲ್ಲ. ಗಿಳಿಮೀನು ಪಾಚಿ ಕೆರೆದು ಜಾಗ ಖಾಲಿ ಮಾಡಿಕೊಟ್ಟರೆ ಮರಿಹವಳ ತಾನಾಗಿ ಬಂದು ಕೂರುತ್ತದೆ. ದಿಬ್ಬದ ಮೀನನ್ನು ಉಳಿಸುವುದು ಸಸಿ ಹಚ್ಚುವುದಕ್ಕಿಂತ ಅಗ್ಗದ, ದೊಡ್ಡ ಕೆಲಸ.

## ಹೋಗಬೇಕು ಎನ್ನುವವರಿಗೆ

"ನನ್ನ ಮಗಳು ಬಿಎಸ್ಸಿ ಓದಾಕತ್ತಾಳ. ಈ ದಾರಿಗೆ ಹೋಗಬೇಕಂದ್ರ ಏನು ಮಾಡಬೇಕು?"

ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಯಾವುದಿದ್ದರೂ ಸರಿ, ಜೊತೆಗೆ ಸಂಖ್ಯಾಶಾಸ್ತ್ರ ಗಟ್ಟಿಯಾಗಿರಲಿ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನದ ಎಂಎಸ್ಸಿ ಇದೆ, ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ. ಮುಂದೆ ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಗೋವಾದ ಸಮುದ್ರವಿಜ್ಞಾನ ಸಂಸ್ಥೆ, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಂಥ ಕಡೆ ಯೋಜನಾ ಸಹಾಯಕರ ಹುದ್ದೆಗಳಿಗೆ ಅರ್ಜಿ ಹಾಕಬಹುದು. ಯಾತ್ರೆಗೆ ಜನ ಸೇರುವುದು ಹೆಚ್ಚಾಗಿ ಅಲ್ಲಿಂದಲೇ. ಲಕ್ಷದ್ವೀಪಕ್ಕೆ ಕಾಲಿಡಲು ಅಲ್ಲಿನ ಆಡಳಿತದ ಪರವಾನಗಿ ಬೇಕು, ಸಂರಕ್ಷಿತ ಜೀವಿಗಳ ಮೇಲಿನ ಸಂಶೋಧನೆಗೆ ಅರಣ್ಯ ಇಲಾಖೆಯ ಅನುಮತಿ ಬೇರೆ. ಕಾಗದಪತ್ರಕ್ಕೇ ತಿಂಗಳುಗಳು ಹಿಡಿಯುತ್ತವೆ. ಮಗಳನ್ನು ಕಳಿಸಲು ಹಿಂಜರಿಯುವವರಿಗೆ ಒಂದು ಮಾತು: ನಮ್ಮ ತಂಡದಲ್ಲಿ ಹವಳದ ಜಾತಿ ಗುರುತಿಸುವುದರಲ್ಲಿ ಎಲ್ಲರಿಗಿಂತ ಮುಂದಿದ್ದವರು ಇಬ್ಬರು ಹೆಣ್ಣುಮಕ್ಕಳು.

"ನನಗ ಈಜು ಬರ್ತದ, ಅಷ್ಟು ಸಾಕೇನು?"

ಶುರುಮಾಡಲು ಸಾಕು. ನಾನು ಕಲಿತದ್ದು ಬೆನ್ನಿಗೆ ಬೆಂಡು ಕಟ್ಟಿಕೊಂಡು, ನಮ್ಮ ದೊಡ್ಡಪ್ಪನ ಹೊಲದ ಬಾವಿಯಲ್ಲಿ. ಕಾಲುವೆಯಲ್ಲಿ ಕಲಿಯಬೇಡಿ, ಸೆಳೆತಕ್ಕೆ ಪ್ರತಿ ವರ್ಷ ಮಕ್ಕಳು ಹೋಗುತ್ತಿದ್ದಾರೆ.

ಡೈವಿಂಗ್‌ಗೆ ಬೇರೆ ತರಬೇತಿ ಬೇಕು. ಪ್ರತಿ ಹತ್ತು ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ, ಉಸಿರಾಡಿದ ಸಾರಜನಕ ರಕ್ತದಲ್ಲಿ ಕರಗುತ್ತದೆ. ಅವಸರದಲ್ಲಿ ಮೇಲೆ ಬಂದರೆ ಸೋಡಾ ಬಾಟಲಿ ತೆರೆದಂತೆ ಅದು ಗುಳ್ಳೆಯಾಗಿ, ಕೀಲು, ನರಗಳಿಗೆ ಹಾನಿ ಮಾಡುತ್ತದೆ. ಮೊದಲ ಹಂತದ ಪ್ರಮಾಣಪತ್ರ 18 ಮೀಟರ್ ಆಳದವರೆಗೆ. ದಿನಾ ಇಳಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ತಾಸು ನೆಲದ ಮೇಲಿರಬೇಕು. ಆಸ್ತಮಾ, ಕಿವಿಯ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು.

"ಸಮುದ್ರಕ್ಕ ಹೋಗೋದು ನಮ್ಮಿಂದ ಆಗಂಗಿಲ್ಲ. ಇಲ್ಲೇ ಏನರ ಎಣಿಸಬಹುದೇನು?"

ಕಂಪ್ಲಿಯ ಹೈಸ್ಕೂಲ್ ಹುಡುಗನೊಬ್ಬ ಕೇಳಿದ. ಅವನ ಊರ ಪಕ್ಕದಲ್ಲೇ ಉತ್ತರವಿತ್ತು. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಬೇಸಿಗೆಯಲ್ಲಿ ನೀರು ಇಳಿದಾಗ ನಡುಗಡ್ಡೆಯ ಮರಳಿನ ಮೇಲೆ ನದಿ ರೀವ ಮೊಟ್ಟೆಯಿಡುತ್ತದೆ, ಪಿಟ್ಟಿ ದ್ವೀಪದ ರೀವಗಳ ಹಾಗೆಯೇ. ದಡದ ಮೇಲೆ ನಿಂತೇ ಎಣಿಸಬಹುದು, ಗೂಡಿನ ಹತ್ತಿರ ಹೋಗಬಾರದು. ಕ್ರಮವಿಷ್ಟೆ: ಒಂದೇ ಜಾಗ, ತಿಂಗಳಲ್ಲಿ ಒಂದೇ ದಿನ, ಬೆಳಗಿನ ಒಂದೇ ಹೊತ್ತು, ಒಂದು ತಾಸು. ಏನೂ ಕಾಣದ ದಿನ ಸೊನ್ನೆ ಎಂದು ಬರೆಯಬೇಕು, ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ಹೋಗಲಿಲ್ಲವೋ ಕಾಣಲಿಲ್ಲವೋ ಎಂದು ಮುಂದೆ ಓದುವವರಿಗೆ ತಿಳಿಯುವುದಿಲ್ಲ.

ನಮ್ಮ ಕಾಲೇಜಿನ ಹತ್ತು ಹನ್ನೆರಡು ಮಕ್ಕಳು ತಿಂಗಳ ಮೊದಲ ಭಾನುವಾರ ಆನೆಗೊಂದಿಯ ಹರಗೋಲು ಕಟ್ಟೆಯ ಹತ್ತಿರ ಹೊಳೆದಂಡೆಯಲ್ಲಿ ಹೀಗೆ ಎಣಿಸುತ್ತಾರೆ. ಯಾರು ಬೇಕಾದರೂ ಬರಬಹುದು. ಬೆಳಗ್ಗೆ ಆರೂವರೆಗೆ ಶುರು. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ತನ್ನಿ. ಪೆನ್ನು ಬೇಡ, ಇಬ್ಬನಿಗೆ ಶಾಯಿ ಹರಡುತ್ತದೆ.